ಬಂದ್‌ಗೆ ನಮ್ಮವ್ವನ ಬೆಂಬಲ ಕೇಳಿದವರು ಯಾರು?

ಇವರಿಗೆ,
ಬೆಂಗಳೂರಿನಲ್ಲಿ ಬಂದ್‌ಗೆ ಕರೆ ಕೊಡುವ ಎಲ್ಲ ಸಂಘಟನೆಗಳ ಮುಖಂಡರಿಗೆ

ಪ್ರತಿ: ಕಾರ್ಮಿಕ ಸಚಿವರು, ಕರ್ನಾಟಕ ಸರ್ಕಾರ, ನಗರದ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳು

ವಿಷಯ: ಬಂದ್, ಮುಷ್ಕರದ ದಿನಗಳಲ್ಲಿ ಮನೆಕೆಲಸದ ಹೆಂಗಸರ ಸಂಬಳ ಕಡಿತವಾಗುತ್ತಿರುವ ಬಗ್ಗೆ

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯವಳು. ನಮ್ಮವ್ವ ಬೆಂಗಳೂರಿನಲ್ಲಿ ಮನೆಕೆಲಸ ಮಾಡುತ್ತಾಳೆ. ಕಸ ಗುಡಿಸಿ ಒರೆಸುವುದು, ಪಾತ್ರೆ ತಿಕ್ಕುವುದು, ಬಟ್ಟೆ ಒಣಹಾಕುವುದು, ಒಂದು ಮನೆಯಲ್ಲಿ ಚಪಾತಿ. ಆ ದುಡ್ಡಿನಲ್ಲೇ ನಾನು ಬಿ.ಕಾಂ. ಮುಗಿಸಿದ್ದು. ಈಗ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಲೆಕ್ಕ ಬರೆಯುವವಳಾದ್ದರಿಂದ ನಿಮ್ಮ ಬಂದ್‌ಗಳ ಒಂದು ಲೆಕ್ಕ ನಿಮ್ಮ ಮುಂದೆ ಇಡಬೇಕು ಅನ್ನಿಸಿತು. ಬಂದ್ ಮುಗಿದ ಮೇಲೆ ಟಿವಿಯಲ್ಲಿ ಬರುವ ಕೋಟಿಗಳ ಲೆಕ್ಕದಲ್ಲಿ ಇದು ಸೇರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಬೇಡಿಕೆಗಳ ಬಗ್ಗೆ ನನಗೆ ತಕರಾರಿಲ್ಲ. ಕಾವೇರಿ ನೀರು ಉಳಿಯಬೇಕು, ಮಹದಾಯಿ ನೀರು ಬರಬೇಕು, ಕನ್ನಡ ಮಾತಾಡಿದ್ದಕ್ಕೆ ಬಸ್ ಕಂಡಕ್ಟರ್‌ಗೆ ಹೊಡೆದವರಿಗೆ ಶಿಕ್ಷೆಯಾಗಬೇಕು. ನಮ್ಮ ಮನೆಯಲ್ಲೂ ಕನ್ನಡವೇ. ನನ್ನ ಪ್ರಶ್ನೆ ಇಷ್ಟೇ: ಬಂದ್‌ಗೆ ಮೊದಲು ನೀವು ಯಾರನ್ನು ಕೇಳುತ್ತೀರಿ?

ಪ್ರತಿ ಸಲ ನಡೆಯುವುದನ್ನು ನೋಡುತ್ತೇವೆ. ಪತ್ರಿಕಾಗೋಷ್ಠಿ ಆಗುತ್ತದೆ. ಆಟೊ ಚಾಲಕರ ಸಂಘದ ಬೆಂಬಲ ಕೇಳುತ್ತೀರಿ, ಹೋಟೆಲ್ ಮಾಲೀಕರನ್ನು ಕೇಳುತ್ತೀರಿ, ಕ್ಯಾಬಿನವರನ್ನು, ಚಿತ್ರರಂಗದವರನ್ನು, ಖಾಸಗಿ ಶಾಲೆಗಳವರನ್ನು. ಕೆಲವರು ಪೂರ್ತಿ ಬೆಂಬಲ ಅನ್ನುತ್ತಾರೆ. ವ್ಯಾಪಾರ ಬಿಡಲು ಇಷ್ಟವಿಲ್ಲದವರು ‘ನೈತಿಕ ಬೆಂಬಲ’ ಅಂತ ಹೇಳಿ ಅಂಗಡಿ ತೆರೆದುಕೊಂಡಿರುತ್ತಾರೆ. ನಮ್ಮವ್ವನಿಗೆ ನೈತಿಕ ಬೆಂಬಲ ಕೊಡುವ ಅವಕಾಶವೂ ಸಿಕ್ಕಿಲ್ಲ. ಮನೆಕೆಲಸದವರಿಗೂ ನಗರದಲ್ಲಿ ಯೂನಿಯನ್‌ಗಳಿವೆ, ಅವರನ್ನು ಯಾವ ಮುಖಂಡರೂ ಕರೆದದ್ದನ್ನು ನಾನು ಕಂಡಿಲ್ಲ. ಹಿಂದಿನ ರಾತ್ರಿ ಎಲ್ಲ ಚಾನೆಲ್‌ಗಳಲ್ಲೂ ‘ಏನಿರುತ್ತೆ, ಏನಿರಲ್ಲ’ ಅಂತ ಪಟ್ಟಿ ಬರುತ್ತದೆ. ಹಾಲು ಇರುತ್ತೆ, ಮೆಡಿಕಲ್ ಶಾಪ್ ಇರುತ್ತೆ, ಆಂಬುಲೆನ್ಸ್ ಇರುತ್ತೆ, ಮೆಟ್ರೊ ಇರುತ್ತೆ. ಮನೆಕೆಲಸದವಳು ಇರುತ್ತಾಳಾ, ಇರಲ್ವಾ? ಆ ಪಟ್ಟಿಯಲ್ಲಿ ಇಲ್ಲ. ಅದನ್ನು ತೀರ್ಮಾನ ಮಾಡುವುದು ಮರುದಿನ ಬೆಳಿಗ್ಗೆ ಅವಳು ಕೆಲಸ ಮಾಡುವ ಮನೆಯವರು.

2023ರ ಸೆಪ್ಟೆಂಬರ್ ತೆಗೆದುಕೊಳ್ಳಿ. 11ನೇ ತಾರೀಖು ಸೋಮವಾರ ಖಾಸಗಿ ಸಾರಿಗೆಯವರ ಬಂದ್. ಆಟೊ, ಕ್ಯಾಬ್ ಬಂದ್. 26ನೇ ತಾರೀಖು ಮಂಗಳವಾರ ಕಾವೇರಿಗಾಗಿ ಬೆಂಗಳೂರು ಬಂದ್. ಮೂರೇ ದಿನದ ಮೇಲೆ 29ರ ಶುಕ್ರವಾರ ಅದೇ ಕಾವೇರಿಗಾಗಿ ಕರ್ನಾಟಕ ಬಂದ್. ಒಂದು ಸಂಘಟನೆಗೆ ಇನ್ನೊಂದು ಸಂಘಟನೆಯ ತಾರೀಖು ಒಪ್ಪಿಗೆಯಾಗಲಿಲ್ಲ, ಅದಕ್ಕೇ ಎರಡು ಬಂದ್. ನಿಮ್ಮ ನಿಮ್ಮ ನಡುವೆ ಏನಿತ್ತೋ ನನಗೆ ಗೊತ್ತಿಲ್ಲ. ನಮ್ಮ ಮನೆಗೆ ಗೊತ್ತಾಗಿದ್ದು ಆ ತಿಂಗಳ ಸಂಬಳ.

ಅವ್ವ ಕೆಲಸ ಮಾಡುವುದು ಮೂರು ಮನೆಗಳಲ್ಲಿ. ಆಗ ಮೂರೂ ಸೇರಿ ತಿಂಗಳಿಗೆ ಹದಿಮೂರು ಸಾವಿರ. ದಿನಕ್ಕೆ ಹೆಚ್ಚುಕಡಿಮೆ 430 ರೂಪಾಯಿ. ತಿಂಗಳಿಗೆ ಎರಡು ರಜೆ ಅಂತ ಬಾಯಿಮಾತಿನ ಒಪ್ಪಂದ. ಆ ಎರಡು ರಜೆಗಳನ್ನು ಗಣೇಶನ ಹಬ್ಬದಲ್ಲಿ ಊರಿಗೆ ಹೋಗಿ ಮುಗಿಸಿದ್ದಳು. ಇನ್ನು ಬಂದ್‌ನ ದಿನ ಹೋಗದಿದ್ದರೆ ಕಡಿತ. ಅದರಲ್ಲಿ ಒಂದು ದಿನ ಆಟೊದವನಿಗೆ ಇನ್ನೂರು ರೂಪಾಯಿ ಕೊಟ್ಟು ಕೆಲಸಕ್ಕೆ ಹೋದಳು, ವಾಪಸ್ ನಡೆದುಕೊಂಡೇ ಬಂದಳು. ಒಂದು ಮನೆಯವರು ಮಾತ್ರ ಏನೂ ಕಡಿಯಲಿಲ್ಲ. ಅವರ ಹೆಸರು ಬರೆಯಲು ನನಗೆ ಆಸೆ, ಆದರೆ ಉಳಿದ ಎರಡು ಮನೆಯವರು ಯಾರೆಂದು ಅದರಿಂದಲೇ ಗೊತ್ತಾಗಿಬಿಡುತ್ತದೆ.

ಆಕೆ ಬಾರದ ದಿನ ಕೆಲಸ ಮಾಡಿಲ್ಲವಲ್ಲ, ಸಂಬಳ ಯಾಕೆ ಕೊಡಬೇಕು ಅಂತ ಕೇಳುವವರಿದ್ದಾರೆ. ಈ ಮಾತನ್ನು ಅಪಾರ್ಟ್‌ಮೆಂಟಿನಲ್ಲಿ ಇರುವ ಅಕ್ಕಂದಿರು, ಅಣ್ಣಂದಿರು ಸ್ವಲ್ಪ ಗಮನವಿಟ್ಟು ಓದಬೇಕು. ಬಂದ್ ದಿನ ನಿಮ್ಮ ಮನೆಯಲ್ಲಿ ಏನಾಗುತ್ತದೆ? ಕಂಪನಿಯವರು ವರ್ಕ್ ಫ್ರಂ ಹೋಮ್ ಕೊಡುತ್ತಾರೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಎಲ್ಲರೂ ಮನೆಯಲ್ಲಿ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಊಟ, ಸಂಜೆ ಮಕ್ಕಳಿಗೆ ಏನಾದರೂ ಕರಿದದ್ದು, ನಡುವೆ ನಾಲ್ಕು ಸಲ ಕಾಫಿ. ಸಿಂಕ್ ತುಂಬುತ್ತದೆ. ಆ ಪಾತ್ರೆಗಳು ಎಲ್ಲಿಗೆ ಹೋಗುತ್ತವೆ? ಎಲ್ಲಿಗೂ ಹೋಗುವುದಿಲ್ಲ. ನೀರು ಹಾಕಿ ನೆನೆಸಿಟ್ಟಿರುತ್ತೀರಿ. ಮರುದಿನ ಅವ್ವನೇ ಬಂದು ತಿಕ್ಕುತ್ತಾಳೆ, ಎರಡು ದಿನದ್ದನ್ನು ಒಂದೇ ದಿನ. ಬಟ್ಟೆಯೂ ಅಷ್ಟೇ, ನೆಲದ ಧೂಳೂ ಅಷ್ಟೇ. ಒಂದು ಮನೆಯಲ್ಲಿ ತಡವಾದರೆ ಮುಂದಿನ ಮನೆಯಲ್ಲಿ ಬೈಗುಳ. ಬಂದ್‌ನ ದಿನದ ಕೆಲಸವನ್ನು ಅವಳು ಮಾಡಿಯೇ ಮಾಡುತ್ತಾಳೆ, ಒಂದು ದಿನ ತಡವಾಗಿ. ಸಂಬಳ ಮಾತ್ರ ಬರುವುದಿಲ್ಲ. ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಿದ್ದ ನಿಮ್ಮ ಆ ದಿನದ ಸಂಬಳ ಕಡಿತವಾಗಿತ್ತಾ?

ಮೊದಲೆಲ್ಲ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಗೀಟು ಹಾಕುತ್ತಿದ್ದರು. ಜಗಳವಾಡಿ ಒಂದು ಗೀಟು ಅಳಿಸಬಹುದಿತ್ತು. ಈಗ ಗೇಟಿನಲ್ಲಿ ಆ್ಯಪ್ ಇದೆ. ಸೆಕ್ಯುರಿಟಿಯವರು ನಂಬರ್ ಒತ್ತಿದರೆ ಇವಳು ಒಳಗೆ ಬಂದಳು ಅಂತ ಮನೆಯವರ ಫೋನಿಗೆ ಮೆಸೇಜ್ ಹೋಗುತ್ತದೆ. ತಿಂಗಳ ಕೊನೆಗೆ ಎಷ್ಟು ದಿನ ಬಂದಿಲ್ಲ ಅನ್ನುವುದು ಅದರಲ್ಲೇ ಇರುತ್ತದೆ. ಆ ದಿನ ಊರಲ್ಲಿ ಬಂದ್ ಇತ್ತು, ನಿಷೇಧಾಜ್ಞೆ ಇತ್ತು, ಬಸ್ ಇರಲಿಲ್ಲ ಅನ್ನುವುದು ಮಾತ್ರ ಇರುವುದಿಲ್ಲ.

ಬಸ್ ಅಂದಾಗ ಸಾರಿಗೆ ಮುಷ್ಕರದ ಮಾತೂ ಬರುತ್ತದೆ. 2021ರ ಏಪ್ರಿಲ್ 7ರಿಂದ ಎರಡು ವಾರ ಸರ್ಕಾರಿ ಬಸ್ ನೌಕರರು ಮುಷ್ಕರ ಮಾಡಿದರು. ಆರನೇ ವೇತನ ಆಯೋಗದ ಸಂಬಳ ಕೇಳಿದ್ದರು. ಅವರ ಕಷ್ಟ ನಮಗೆ ಅರ್ಥವಾಗುತ್ತದೆ, ನಮ್ಮ ಓಣಿಯಲ್ಲೂ ಒಬ್ಬ ಕಂಡಕ್ಟರ್ ಇದ್ದ. ಅವ್ವ ಆ ದಿನಗಳಲ್ಲಿ ಶೇರ್ ಆಟೊಗೆ ನೇತಾಡಿಕೊಂಡು, ಇಲ್ಲವೇ ನಡೆದುಕೊಂಡು ಹೋದಳು. ಮುಷ್ಕರ 21ಕ್ಕೆ ಮುಗಿಯಿತು. 27ರ ರಾತ್ರಿ ಕೊರೊನಾ ಎರಡನೇ ಅಲೆಗೆ ಇಡೀ ರಾಜ್ಯ ಮುಚ್ಚಿತು. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯ ಜಮಾ ಪುಟದಲ್ಲಿ ಬರೆಯಲು ಏನೂ ಇರಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಅವ್ವನ ಆಧಾರ್ ಯಾದಗಿರಿಯದು, ಹಾಗಾಗಿ ಟಿಕೆಟ್ ಶೂನ್ಯ. ನಮ್ಮ ಪಕ್ಕದ ಶೆಡ್ಡಿನ ಅಕ್ಕ ಪಶ್ಚಿಮ ಬಂಗಾಳದವರು. ಅವರ ಆಧಾರ್ ಅಲ್ಲಿಯದು, ಅವರು ದುಡ್ಡು ಕೊಟ್ಟೇ ಓಡಾಡಬೇಕು. ಬಂದ್ ದಿನ ಇಬ್ಬರಿಗೂ ಒಂದೇ ರೇಟು, ಆಟೊದವನು ಹೇಳಿದ್ದು. ಬಂದ್ ದಿನವೂ ಬಸ್ ಓಡಿಸುತ್ತೇವೆ ಅಂತ ಸಾರಿಗೆಯವರು ಹೇಳುವುದು ನಿಜ, ಮೆಜೆಸ್ಟಿಕ್ ಕಡೆ ಓಡಿಸಿರಲೂಬಹುದು. ನಮ್ಮ ವರ್ತೂರು ಕಡೆ ಸ್ಟಾಪಿನಲ್ಲಿ ಬೆಳಿಗ್ಗೆ ಆರೂವರೆಗೆ ನಿಂತ ಹೆಂಗಸರಿಗೆ ಬಸ್ ಸಿಕ್ಕಿಲ್ಲ.

ಆ ಬಂಗಾಳಿ ಅಕ್ಕನ ಕಷ್ಟ ನಮ್ಮವ್ವನದಕ್ಕಿಂತ ಜಾಸ್ತಿ. ನಿಷೇಧಾಜ್ಞೆ ಅಂದರೆ ನಾಲ್ಕು ಜನಕ್ಕಿಂತ ಹೆಚ್ಚು ಗುಂಪು ಸೇರಬಾರದು. ಮನೆಕೆಲಸದವರು ಬೆಳಗಿನ ಕತ್ತಲಲ್ಲಿ ಒಬ್ಬೊಬ್ಬರೇ ಹೋಗುವುದಿಲ್ಲ, ಆರೇಳು ಜನ ಒಟ್ಟಿಗೆ ಹೋಗುತ್ತಾರೆ. ಅದು ಗುಂಪೇ ಅಲ್ವಾ? ಬ್ಯಾರಿಕೇಡ್ ಹತ್ತಿರ ಪೊಲೀಸರು ‘ಎಲ್ಲಿಗೆ’ ಅಂದರೆ ಅವ್ವ ಜೋರು ದನಿಯಲ್ಲಿ ‘ಕೆಲಸಕ್ಕ ಹೊಂಟೀವ್ರೀ ಸಾಹೇಬ್ರ’ ಅನ್ನುತ್ತಾಳೆ. ಆ ಅಕ್ಕನಿಗೆ ಕನ್ನಡ ಅರ್ಧಂಬರ್ಧ. ಬಾಯಿ ತೆರೆದರೆ ‘ಬಾಂಗ್ಲಾನಾ’ ಅಂತ ಕೇಳುತ್ತಾರೆ ಎಂಬ ಹೆದರಿಕೆ. ಅದು ಸುಮ್ನೆ ಹುಟ್ಟಿದ ಹೆದರಿಕೆಯಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಪ್ರತಿಭಟನೆ ಶುರುವಾದಾಗ ನಗರದಲ್ಲಿ 144ನೇ ಸೆಕ್ಷನ್ ಹಾಕಿದರು. ಅದು ಕಾನೂನುಬಾಹಿರ ಅಂತ ಹೈಕೋರ್ಟ್ ಆಮೇಲೆ ಹೇಳಿತು. ಆ ನಡುವೆಯೇ, 2020ರ ಜನವರಿಯಲ್ಲಿ, ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಇದ್ದಾರೆ ಅಂತ ಶೆಡ್‌ಗಳನ್ನು ಕೆಡವಿದರು. ಮನೆ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಜೆಸಿಬಿ ಬಂದಾಗ ಕನ್ನಡ ಮಾತಾಡುವ ಶೆಡ್ ಯಾವುದು, ಮಾತಾಡದ ಶೆಡ್ ಯಾವುದು ಅಂತ ಯಾರೂ ನೋಡಲಿಲ್ಲ.

2016ರ ಸೆಪ್ಟೆಂಬರ್ 12 ನಿಮಗೆಲ್ಲ ನೆನಪಿರಬೇಕು. ಸುಪ್ರೀಂ ಕೋರ್ಟಿನ ಕಾವೇರಿ ಆದೇಶ ಬಂದ ದಿನ. ನಾವಾಗ ಸುಂಕದಕಟ್ಟೆ ಕಡೆ ಬಾಡಿಗೆಗಿದ್ದೆವು, ನಾನು ಶಾಲೆಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೈಸೂರು ರಸ್ತೆ ಕಡೆಯಿಂದ ಹೊಗೆ. ತಮಿಳುನಾಡು ನಂಬರಿನ ಲಾರಿಗಳಿಗೆ, ನಿಲ್ಲಿಸಿದ್ದ ಹತ್ತಾರು ಬಸ್ಸುಗಳಿಗೆ ಬೆಂಕಿ ಹಚ್ಚಿದ್ದರು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರ್ ಆಯಿತು, ಜೀವ ಹೋಯಿತು. ಪಶ್ಚಿಮ ಭಾಗದ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಅವ್ವ ವಿಜಯನಗರದ ಮನೆಗಳಲ್ಲಿ ಕೆಲಸ ಮುಗಿಸಿ, ಬಸ್ಸಿಲ್ಲದೆ, ಗಲ್ಲಿಯಿಂದ ಗಲ್ಲಿಗೆ ನುಗ್ಗಿ ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ನಮ್ಮ ವಠಾರದಲ್ಲಿ ಧರ್ಮಪುರಿ ಕಡೆಯ ಒಬ್ಬರಿದ್ದರು, ಅವರೂ ಮನೆಕೆಲಸದವರೇ. ಊರಿನಿಂದ ಅವರ ತಾಯಿ ಫೋನ್ ಮಾಡಿದರೆ ತಮಿಳಿನಲ್ಲಿ ಮಾತಾಡಲು ಹೆದರಿ ‘ಹ್ಞೂಂ, ಹ್ಞೂಂ’ ಅಂತಷ್ಟೇ ಹೇಳುತ್ತಿದ್ದರು. ಕರ್ಫ್ಯೂ ತೆಗೆದ ಮೇಲೂ ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಹೋಗುವಷ್ಟರಲ್ಲಿ ಅವರ ಎರಡು ಮನೆಗಳಿಗೆ ಬೇರೆಯವರು ಸೇರಿಯಾಗಿತ್ತು. ಸಂಬಳ ಕಡಿತವಾದರೆ ಮುಂದಿನ ತಿಂಗಳು ಹೇಗೋ ಸರಿಹೊಂದಿಸಬಹುದು. ಮನೆ ಕೈತಪ್ಪಿದರೆ ಮತ್ತೆ ಹುಡುಕಬೇಕು, ಮತ್ತೆ ಕಡಿಮೆ ಸಂಬಳಕ್ಕೆ ಶುರುಮಾಡಬೇಕು.

ಇಷ್ಟಕ್ಕೂ ನಾವಿರುವ ಶೆಡ್‌ಗಳಿಗೆ ಕಾವೇರಿ ನೀರು ಬರುವುದಿಲ್ಲ. ಬೋರ್‌ವೆಲ್, ಟ್ಯಾಂಕರ್. ಆ ನದಿಗಾಗಿ ಅತಿ ಹೆಚ್ಚು ಸಂಬಳ ಬಿಟ್ಟವರಲ್ಲಿ ನಾವೂ ಇದ್ದೇವೆ ಅನ್ನುವುದು ನಿಮಗೆ ಗೊತ್ತಿರಲಿ.

ನೀವು ಕೇಳಬಹುದು, ಮನೆಕೆಲಸದವರಿಗೆ ಅಷ್ಟು ಕಷ್ಟವಾದರೆ ಅವರೂ ಪ್ರತಿಭಟನೆ ಮಾಡಲಿ ಅಂತ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಯಾವ ಮುಖಂಡರೂ ಕರೆದಿರಲಿಲ್ಲ. ಹೊಸೂರು ರಸ್ತೆ ನಿಂತೇ ಹೋಯಿತು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರು ಒಂದೇ ಗೇಟಿನಿಂದ ಸಾವಿರ ಜನ ಹೊರಗೆ ಬರುವವರು. ನಮ್ಮವ್ವ ಒಂದು ಅಡುಗೆಮನೆಯಲ್ಲಿ ಒಬ್ಬಳೇ. ಅವಳು ಕೆಲಸ ನಿಲ್ಲಿಸಿದರೆ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಒಳ್ಳೆ ಮೇಡ್ ಇದ್ದರೆ ಹೇಳಿ’ ಅಂತ ಒಂದು ಮೆಸೇಜ್ ಹೋಗುತ್ತದೆ, ಸಂಜೆಯೊಳಗೆ ಇನ್ನೊಬ್ಬರು ಬರುತ್ತಾರೆ. 2017ರ ಜುಲೈನಲ್ಲಿ ನೋಯ್ಡಾದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಮುಂದೆ ಮನೆಕೆಲಸದವರು ಸೇರಿ ಗಲಾಟೆ ಆಯಿತು. ಆಮೇಲೆ ಜೈಲಿಗೆ ಹೋದವರು ಅವರ ಬಸ್ತಿಯ ಗಂಡಸರು.

ಬಂದ್ ಸ್ವಯಂಪ್ರೇರಿತ ಅಂತ ನೀವು ಯಾವಾಗಲೂ ಹೇಳುತ್ತೀರಿ. ಯಾಕೆ ಹೇಳುತ್ತೀರಿ ಅನ್ನುವುದೂ ಗೊತ್ತು. ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದೇ ವರ್ಷ ಎತ್ತಿಹಿಡಿಯಿತು. 2003ರಲ್ಲಿ ಮುಂಬೈ ಬಂದ್ ಮಾಡಿದ ಎರಡು ಪಕ್ಷಗಳಿಗೆ ಬಾಂಬೆ ಹೈಕೋರ್ಟ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿತು. ನನಗೆ ಕೋರ್ಟಿಗೆ ಹೋಗುವ ಆಸೆಯೂ ಇಲ್ಲ, ಶಕ್ತಿಯೂ ಇಲ್ಲ. ನೀವೇ ಹೇಳುವ ಮಾತಿನಂತೆ ನಡೆದುಕೊಳ್ಳಿ ಅಂತಷ್ಟೇ ಕೇಳುತ್ತಿದ್ದೇನೆ. ಸಂಜೆ ಆರಕ್ಕೆ ಬಂದ್ ಮುಗಿದರೆ ಹೋಟೆಲ್ ತೆರೆಯುತ್ತದೆ, ಥಿಯೇಟರಿನಲ್ಲಿ ಸೆಕೆಂಡ್ ಶೋ ನಡೆಯುತ್ತದೆ. ಮನೆಕೆಲಸ ನಡೆಯುವುದು ಬೆಳಿಗ್ಗೆ ಆರರಿಂದ ಮಧ್ಯಾಹ್ನದೊಳಗೆ. ಆ ಹೊತ್ತಿನಲ್ಲಿ ಶೇರ್ ಆಟೊಗಳನ್ನು ತಡೆಯಬೇಡಿ, ಟೈರಿನ ಗಾಳಿ ಬಿಡಬೇಡಿ. ಹಾಲಿನ ವ್ಯಾನ್ ಬಿಡುವ ನೀವು ಅದರ ಹಿಂದೆ ಬರುವ ಹೆಂಗಸರನ್ನೂ ಬಿಡಿ. ಮುಂದಿನ ಬಂದ್‌ಗೆ ಬೆಂಬಲ ಕೇಳಲು ಹೊರಟಾಗ ಮನೆಕೆಲಸದವರ ಯೂನಿಯನ್ ಆಫೀಸಿಗೂ ಹೋಗಿ. ಪತ್ರಿಕಾಗೋಷ್ಠಿಯಲ್ಲಿ ಮೈಕ್ ಮುಂದೆ ಕೂತಾಗ ‘ಈ ದಿನ ಮನೆಕೆಲಸದವರ ಸಂಬಳ ಯಾರೂ ಕಡಿಯಬಾರದು’ ಅಂತ ಒಂದು ಮಾತು ಹೇಳಿ. ನೀವು ಹೇಳಿದರೆ ಊರು ಕೇಳುತ್ತದೆ, ಅದನ್ನು ನಾವು ನೋಡಿದ್ದೇವೆ.

ಕಾರ್ಮಿಕ ಸಚಿವರೇ, ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡುವುದರಲ್ಲಿ ನಮ್ಮ ರಾಜ್ಯ ಮುಂದಿತ್ತು, 2004ರಲ್ಲೇ ಮಾಡಿತು. ಅದು ಎಷ್ಟು ಅಂತ ನಮ್ಮವ್ವನಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಯಾವ ಇನ್‌ಸ್ಪೆಕ್ಟರೂ ಹದಿನಾಲ್ಕನೇ ಮಹಡಿಗೆ ಲಿಫ್ಟ್ ಹತ್ತಿ ಬಂದು ಕೇಳುವುದಿಲ್ಲ. ರಜೆಯ ವಿಷಯ ಇನ್ನೂ ಕೆಟ್ಟದಾಗಿದೆ. 1963ರಿಂದ ರಾಜ್ಯದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಕಾರ್ಖಾನೆ, ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ನವೆಂಬರ್ 1ಕ್ಕೆ ಸಂಬಳ ಸಹಿತ ರಜೆ ಸಿಗುತ್ತದೆ. ಮನೆ ಅನ್ನುವುದು ಆ ಕಾಯ್ದೆಗೆ ಸೇರಿಲ್ಲ. ರಾಜ್ಯೋತ್ಸವದ ದಿನ ಅಪಾರ್ಟ್‌ಮೆಂಟಿನ ಕೆಳಗೆ ಬಾವುಟ ಹಾರುವಾಗ ನಮ್ಮವ್ವ ಮೇಲೆ ಕುಕ್ಕರ್ ತೊಳೆಯುತ್ತಿರುತ್ತಾಳೆ. (ಕನ್ನಡ ಸಂಘಟನೆಗಳ ಮುಖಂಡರು ಈ ಬೇಡಿಕೆಯನ್ನೂ ತೆಗೆದುಕೊಳ್ಳಬಹುದು.)

ನಿಮ್ಮ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಮನೆಕೆಲಸದವರ ಸಾಮಾಜಿಕ ಭದ್ರತೆಯ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ನೋಂದಣಿ, ಲಿಖಿತ ಒಪ್ಪಂದ, ವಾರದ ರಜೆ, ಮನೆಯವರಿಂದ ಸಂಬಳದ ಮೇಲೆ ಶೇ 5ರವರೆಗೆ ಕಲ್ಯಾಣ ಶುಲ್ಕ ಇವೆಲ್ಲ ಅದರಲ್ಲಿದ್ದವು. ಒಳ್ಳೆಯದೇ. ಆ ಲಿಖಿತ ಒಪ್ಪಂದದ ನಮೂನೆಯಲ್ಲಿ ಒಂದು ಸಾಲು ಸೇರಿಸಿ ಅಂತ ನನ್ನ ಮನವಿ: ಬಂದ್, ಸಾರಿಗೆ ಮುಷ್ಕರ, ಕರ್ಫ್ಯೂ, ನಿಷೇಧಾಜ್ಞೆಯಿಂದ ಕೆಲಸಕ್ಕೆ ಬರಲಾಗದ ದಿನವನ್ನು ಗೈರುಹಾಜರಿ ಎಂದು ಎಣಿಸಬಾರದು, ಆ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು. ಮಸೂದೆ ಕಾಯ್ದೆಯಾಗುವವರೆಗೆ ಕಾಯಬೇಕಾಗಿಲ್ಲ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುವ ಆ ರಾತ್ರಿಯೇ ನಿಮ್ಮ ಇಲಾಖೆ ಅಪಾರ್ಟ್‌ಮೆಂಟ್ ಸಂಘಗಳಿಗೆ ಒಂದು ಸೂಚನೆ ಕಳುಹಿಸಬಹುದು. ನೋಂದಣಿಯಲ್ಲಿ ಹೊರರಾಜ್ಯದ ಆಧಾರ್ ಇರುವವರನ್ನೂ ಸೇರಿಸಿ. ನೋಂದಣಿಯಾದ ಕಾರ್ಡ್ ಕೈಯಲ್ಲಿದ್ದರೆ ಬ್ಯಾರಿಕೇಡ್ ಹತ್ತಿರ ಆ ಬಂಗಾಳಿ ಅಕ್ಕ ಬಾಯಿ ತೆರೆಯದೆಯೇ ತೋರಿಸಬಹುದು.

ನಿವಾಸಿಗಳ ಸಂಘಗಳವರಿಗೆ ಹೇಳಬೇಕಾದ್ದನ್ನು ಮೇಲೆಯೇ ಹೇಳಿದ್ದೇನೆ. ಇನ್ನೊಂದು ಸಣ್ಣ ಕೆಲಸ ಇದೆ. ನಿಮ್ಮ ಗೇಟಿನ ಆ್ಯಪ್‌ನಲ್ಲಿ ಬಂದ್ ದಿನದ ಗೈರುಹಾಜರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಮ್ಯಾನೇಜಿಂಗ್ ಕಮಿಟಿ ಒಂದು ಠರಾವು ಮಾಡಿ ಎಲ್ಲ ಮನೆಗಳಿಗೂ ಕಳುಹಿಸಲಿ. ನಾಯಿ ವಾಕಿಂಗ್‌ಗೆ, ಪಾರ್ಕಿಂಗ್‌ಗೆ ಗಂಟೆಗಟ್ಟಲೆ ಮೀಟಿಂಗ್ ಮಾಡುತ್ತೀರಲ್ಲ, ಇದಕ್ಕೆ ಹತ್ತು ನಿಮಿಷ ಸಾಕು.

ಈ ಪತ್ರವನ್ನು ಕಳುಹಿಸುವ ಮೊದಲು ಅವ್ವನಿಗೆ ಓದಿ ಹೇಳಿದೆ. ‘ನೀ ಬರದದ್ದೆಲ್ಲಾ ಖರೇ ಐತಿ. ನನ್ನ ಹೆಸರು ಹಾಕಬ್ಯಾಡ, ಅಪಾರ್ಟ್‌ಮೆಂಟಿಂದೂ ಹಾಕಬ್ಯಾಡ, ನಾಳಿ ಗೇಟಿನಾಗ ಬಿಡೂದಿಲ್ಲ’ ಅಂದಳು. ಅದಕ್ಕೇ ಎರಡನ್ನೂ ಹಾಕಿಲ್ಲ, ನನ್ನ ಹೆಸರನ್ನೂ ಹಾಕಿಲ್ಲ. ಉತ್ತರ ಕೊಡುವ ಮನಸ್ಸಿದ್ದರೆ ಮುಂದಿನ ಬಂದ್‌ನ ಪತ್ರಿಕಾಗೋಷ್ಠಿಯಲ್ಲೇ ಕೊಡಿ, ನಾವು ಟಿವಿ ನೋಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮನೆಕೆಲಸ ಮಾಡುವವರೊಬ್ಬರ ಮಗಳು
ವರ್ತೂರು, ಬೆಂಗಳೂರು